ಚಾವಣಿ ಸೋರುವಾಗಲೂ ಮಿಷನ್ ಕಾಣಿಕೆ ಯಾಕೆ ಕಳಿಸಬೇಕು?

ನಮ್ಮ ಕ್ರೈಸ್ತ ಸಭೆಯ ಮಿಷನ್ ಲೆಕ್ಕದ ಪುಸ್ತಕ, ಅಂದರೆ ದೂರದಲ್ಲಿ ಸುವಾರ್ತೆ ಸಾರುವವರಿಗೆ ಕಳಿಸುವ ಕಾಣಿಕೆಯ ಲೆಕ್ಕ, ನನ್ನ ಕೈಗೆ ಬಂದು ಹನ್ನೊಂದು ವರ್ಷ ಆಯಿತು. ಅವತ್ತಿನಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಾ ಬಂದಿದ್ದೇನೆ. "ನಮ್ಮ ಸಭೆಯ ಕೊರತೆಯೇ ಇನ್ನೂ ತೀರಿಲ್ಲ. ಎಲ್ಲೋ ದೂರದ ಸೇವೆಗೆ ಯಾಕೆ ಕಳಿಸಬೇಕು?"

ಇದನ್ನು ಕೇಳುವವರು ಕೈ ಬಿಗಿ ಇರುವವರಲ್ಲ. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಬೆಂಚು ಒರೆಸುವವರು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಬರುವವರು, ಅವರೇ ಕೇಳುತ್ತಾರೆ. ಸಭೆಯ ಕಷ್ಟ ಅವರಿಗೆ ಹತ್ತಿರದಿಂದ ಗೊತ್ತು. ಅದಕ್ಕೇ ಸುಮ್ನೆ ಒಂದು ವಚನ ಹೇಳಿ ಅವರ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ. ಪೂರ್ತಿಯಾಗಿ ಉತ್ತರ ಕೊಡಬೇಕು.

ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ನಮ್ಮ ಆರಾಧನಾ ಮಂದಿರದ ಚಾವಣಿ ಸೋರತೊಡಗಿತು. ಹಿಂದಿನ ಮೂರು ಸಾಲಿನಲ್ಲಿ ಯಾರೂ ಕೂರುವ ಹಾಗಿರಲಿಲ್ಲ. ಪ್ರಸಂಗದ ನಡುವೆ ಬಕೆಟ್‌ಗೆ ಹನಿ ಬೀಳುವ ಸದ್ದು ಕೇಳಿಸುತ್ತಿತ್ತು. ಮೂರು ತಿಂಗಳು ಮಿಷನ್ ಕಾಣಿಕೆಯನ್ನು ಚಾವಣಿಗೆ ಹಾಕೋಣ ಎಂದು ಕಮಿಟಿ ಹೇಳಿತು. ನಾನೂ ತಲೆಯಾಡಿಸಿದೆ. ಪುಸ್ತಕದಲ್ಲಿ ಆ ಮೂರು ತಿಂಗಳ ಸಾಲಿನಲ್ಲಿ ಒಂದೊಂದು ಅಡ್ಡಗೆರೆ ಎಳೆದೆ. ನಾವು ನೆರವು ಕೊಡುತ್ತಿದ್ದ ಮಿಷನರಿ ಕುಟುಂಬಕ್ಕೆ ಒಂದು ಕಾಗದವನ್ನೂ ಬರೆಯಲಿಲ್ಲ.

ಐದನೇ ತಿಂಗಳು ಆ ಮಿಷನರಿ ಸಹೋದರರು ಸಭೆಗೆ ಬಂದರು. ಹಣದ ಮಾತೇ ಎತ್ತಲಿಲ್ಲ. ಆರಾಧನೆ ಮುಗಿದ ಮೇಲೆ ಮೇಲಕ್ಕೆ ನೋಡಿ, "ಚಾವಣಿ ಚೆನ್ನಾಗಿ ಆಗಿದೆ, ದೇವರಿಗೆ ಸ್ತೋತ್ರ" ಎಂದರು. ಮನಸ್ಸಿನಿಂದಲೇ ಹೇಳಿದರು. ಆಮೇಲೆ ಅವರ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿದ್ದು ಬೇರೆ. ಆ ಮೂರು ತಿಂಗಳು ಆ ಸಹೋದರರು ಒಂದು ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಹೋಗಿದ್ದರಂತೆ. ವಾರಕ್ಕೆ ಎರಡು ಸಂಜೆ ಎರಡು ಮನೆಗಳಲ್ಲಿ ಸತ್ಯವೇದ (ಬೈಬಲ್) ಓದಿ ಹೇಳುತ್ತಿದ್ದದ್ದು ನಿಂತುಹೋಗಿತ್ತಂತೆ. ಅದರಲ್ಲಿ ಒಂದು ಮನೆಯವರು ಆ ಸಂಜೆಗಳಲ್ಲಿ ಬಾಗಿಲು ತೆಗೆದಿಟ್ಟೇ ಕಾಯುತ್ತಿದ್ದರಂತೆ.

ಆ ರಾತ್ರಿ ಲೆಕ್ಕದ ಪುಸ್ತಕ ತೆಗೆದು ಆ ಮೂರು ಅಡ್ಡಗೆರೆಗಳನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ.

ಆದರೂ ನನ್ನ ಉತ್ತರ ಹುಟ್ಟಿದ್ದು ಆ ಬೇಸರದಿಂದ ಅಲ್ಲ. ಅದು ಬಂದದ್ದು ಆಮೇಲೆ, ಸತ್ಯವೇದ ಓದುವಾಗ. ಅದೇ ವರ್ಷ ನಮ್ಮ ಪಾಸ್ಟರ್ ಒಂದು ತೀರ್ಮಾನ ಮಾಡಿದರು. ತಿಂಗಳಿಗೆ ಒಂದು ಭಾನುವಾರ ಪ್ರಸಂಗ ಇಲ್ಲ. ಅದರ ಬದಲು ಸತ್ಯವೇದದ ಒಂದು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು, ಅಷ್ಟೇ. ಮೊದಲು ಆರಿಸಿದ್ದು ಅಪೊಸ್ತಲ ಪೌಲ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರ. ನಾಲ್ಕೇ ಅಧ್ಯಾಯ, 104 ವಚನ. ನಿಧಾನವಾಗಿ ಓದಿದರೂ ಅರ್ಧ ಗಂಟೆ ಆಗುವುದಿಲ್ಲ. ಓದಿದ್ದು ನಮ್ಮ ಸಭೆಯ ಒಬ್ಬ ವಯಸ್ಸಾದ ಅಮ್ಮ. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದು ಪದವನ್ನೂ ಬಿಡಿಸಿ ಓದುವವರು. ನಾಲ್ಕನೇ ಅಧ್ಯಾಯದ ಕೊನೆಗೆ ಬಂದಾಗ ಅವರ ಬೆರಳು ನಿಂತಿತು. ಕನ್ನಡಕ ಮೇಲೆ ಮಾಡಿ ಪಾಸ್ಟರ್ ಕಡೆ ನೋಡಿ ಕೇಳಿದರು: "ಅಯ್ಯನವರೇ, ಇದು ನೀವು ಕಳಿಸಿದ್ದು ಮುಟ್ಟಿತು ಅಂತ ಬರೆದ ಕಾಗದ ಅಲ್ವಾ?"

ನಾನು ಆ ಪತ್ರದ ಎಷ್ಟೋ ವಚನಗಳನ್ನು ಬಾಯಿಪಾಠ ಮಾಡಿದ್ದವನು. ಯಾವಾಗಲೂ ಸಂತೋಷಿಸಿರಿ ಎನ್ನುವ ಮಾತು, ಬಲಪಡಿಸುವಾತನಲ್ಲಿ ಎಲ್ಲದಕ್ಕೂ ಶಕ್ತನು ಎನ್ನುವ ಮಾತು ನಮ್ಮ ಮನೆಯ ಗೋಡೆಯ ಮೇಲೇ ಇವೆ. ಆದರೆ ಅದು ಒಂದು ಸಭೆ ಕಳಿಸಿದ ನೆರವಿಗೆ ಮಿಷನರಿಯೊಬ್ಬ ಬರೆದ ಉತ್ತರ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅಮ್ಮನವರ ಮಾತು ನೂರಕ್ಕೆ ನೂರು ಸರಿ. 4:18ರಲ್ಲಿ, ಅಂದರೆ ನಾಲ್ಕನೇ ಅಧ್ಯಾಯದ 18ನೇ ವಚನದಲ್ಲಿ, ಪೌಲ ನನಗೆ ಎಲ್ಲಾ ಸಂದಿತು ಎಂದು ಬರೆಯುವಾಗ ಬಳಸುವ ಗ್ರೀಕ್ ಪದ ಅಪೆಖೋ. ಆ ಕಾಲದ ವ್ಯಾಪಾರಿಗಳು ಪಪೈರಸ್ ಚೂರುಗಳ ಮೇಲೆ ರಸೀದಿ ಬರೆಯುವಾಗ ಬಳಸುತ್ತಿದ್ದದ್ದು ಇದೇ ಪದ. ಅದಕ್ಕೂ ಮುಂಚೆ, 15ನೇ ವಚನದಲ್ಲಿ, ಕೊಡುವ ಕೊಳ್ಳುವ ಲೆಕ್ಕದಲ್ಲಿ ನನ್ನ ಜೊತೆ ಪಾಲುಗಾರರಾದ ಸಭೆ ನೀವು ಮಾತ್ರ ಎನ್ನುತ್ತಾನೆ. ಅದೂ ಲೆಕ್ಕದ ಪುಸ್ತಕದ ಮಾತೇ.

ಪೌಲ ಆಗ ಸೆರೆಯಲ್ಲಿದ್ದ. ರೋಮಿನವರ ಕಾಲದ ಸೆರೆಯಲ್ಲಿ ಊಟ, ಬಟ್ಟೆ, ಆರೈಕೆಗೆ ಕೈದಿಗಳು ಬಹುಮಟ್ಟಿಗೆ ತಮ್ಮವರನ್ನೇ ನೆಚ್ಚಿಕೊಂಡಿರಬೇಕಿತ್ತು. ಫಿಲಿಪ್ಪಿಯವರು ಕಳಿಸಿದ್ದನ್ನು ಹೊತ್ತು ತಂದ ಎಪಫ್ರೊದೀತ ದಾರಿಯಲ್ಲೋ ಅಲ್ಲಿಗೆ ಬಂದ ಮೇಲೋ ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಹೋಗಿದ್ದ. ಆ ಸಭೆ ಕಳಿಸಿದ್ದು ಹಣ ಮಾತ್ರ ಅಲ್ಲ, ತಮ್ಮ ಒಬ್ಬ ಮನುಷ್ಯನನ್ನೂ ಕಳಿಸಿತ್ತು. ಇನ್ನು ಅವರೇನು ಇದ್ದವರಾ? ಎರಡನೇ ಕೊರಿಂಥದ, ಅಂದರೆ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ, ಎಂಟನೇ ಅಧ್ಯಾಯ ತೆಗೆದು ನೋಡಿ. ಮಕೆದೋನ್ಯದ ಸಭೆಗಳು ಎಂದು ಪೌಲ ಹೇಳುವಾಗ ಫಿಲಿಪ್ಪಿಯೂ ಅದರಲ್ಲಿ ಸೇರಿತು. ಅವರು ಕಡು ಬಡತನದಲ್ಲಿದ್ದರು, ಆದರೂ ಕೊಡುವುದರಲ್ಲಿ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಅವರೇ ಬೇಡಿಕೊಂಡರು ಎಂದು ಅಲ್ಲಿದೆ. ನಮ್ಮಲ್ಲಿ ಉಳಿದರೆ ಕೊಡೋಣ ಎನ್ನುವ ಮಾತು ಆ ಸಭೆಯಲ್ಲಿ ಹುಟ್ಟಲೇ ಇಲ್ಲ.

ಆಮೇಲೆ ಸತ್ಯವೇದದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕ ಓದುವಾಗ 18ನೇ ಅಧ್ಯಾಯ ನನ್ನನ್ನು ಹಿಡಿದು ನಿಲ್ಲಿಸಿತು. ಪೌಲ ಕೊರಿಂಥಕ್ಕೆ ಬಂದಾಗ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಸೇರಿ ಗುಡಾರ ಹೊಲಿಯುವ ಕೆಲಸ ಮಾಡುತ್ತಾನೆ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಮಾತ್ರ ಅವರ ಸಭಾಮಂದಿರದಲ್ಲಿ ಮಾತಾಡುತ್ತಾನೆ. ಐದನೇ ವಚನದಲ್ಲಿ ಸೀಲ ಮತ್ತು ತಿಮೊಥೆಯ ಮಕೆದೋನ್ಯದಿಂದ ಬರುತ್ತಾರೆ. ಅಲ್ಲಿಂದ ಪೌಲ ಪೂರ್ತಿಯಾಗಿ ವಾಕ್ಯ ಸಾರುವುದರಲ್ಲೇ ತೊಡಗುತ್ತಾನೆ. ಏನು ಬದಲಾಯಿತು? ಎರಡನೇ ಕೊರಿಂಥದ 11:9 ಹೇಳುತ್ತದೆ: ಕೊರಿಂಥದಲ್ಲಿದ್ದಾಗ ಅವನ ಕೊರತೆ ನೀಗಿಸಿದವರು ಮಕೆದೋನ್ಯದಿಂದ ಬಂದ ಸಹೋದರರು. ಕೈಯಿಂದ ದುಡಿಯುವುದು ಪೌಲನಿಗೆ ಕೀಳು ಕೆಲಸ ಆಗಿರಲಿಲ್ಲ, ಎಷ್ಟೋ ಕಡೆ ಬೇಕೆಂದೇ ದುಡಿದ. ಆದರೆ ದೂರದ ಒಂದು ಸಭೆ ಕೊಟ್ಟದ್ದರಿಂದ ಅವನ ವಾರದ ಉಳಿದ ದಿನಗಳೂ ಬಿಡುವಾದವು. ನಾನು ಎಳೆದ ಅಡ್ಡಗೆರೆ ಅದನ್ನೇ ತಿರುಗಾಮುರುಗಾ ಮಾಡಿತ್ತು. ಸಂಜೆಗೆ ಬಿಡುವಾಗಿದ್ದ ಮನುಷ್ಯನನ್ನು ಮೂಟೆ ಎಣಿಸಲು ಕಳಿಸಿತ್ತು.

ರೋಮಾಪುರದವರಿಗೆ ಬರೆದ ಪತ್ರವನ್ನೂ ಹೀಗೇ ಓದಿ. ನಂಬಿಕೆ, ಕೃಪೆ, ನೀತಿ ಎಂದು ಎಷ್ಟೊಂದು ದೊಡ್ಡ ವಿಷಯಗಳು ಅದರಲ್ಲಿವೆ ಅಲ್ವಾ? 15:24ಕ್ಕೆ ಬಂದಾಗ ಪೌಲ ಸ್ಪೇನ್‌ಗೆ ಹೋಗುವ ಆಸೆ ಹೇಳುತ್ತಾನೆ. ದಾರಿಯಲ್ಲಿ ನಿಮ್ಮನ್ನು ನೋಡಿ, ನಿಮ್ಮಿಂದಲೇ ಅಲ್ಲಿಗೆ ಸಾಗಕಳುಹಿಸಲ್ಪಡಬೇಕೆಂದಿದ್ದೇನೆ ಎನ್ನುತ್ತಾನೆ. ಅಲ್ಲಿನ ಗ್ರೀಕ್ ಕ್ರಿಯಾಪದ ಬರೀ ಕೈಬೀಸಿ ಕಳಿಸುವುದಕ್ಕೆ ಸೀಮಿತವಲ್ಲ. ದಾರಿಖರ್ಚು, ಜೊತೆಗಾರರು, ಬೇಕಾದ ಸಾಮಾನು ಎಲ್ಲವನ್ನೂ ಕೊಟ್ಟು ಕಳಿಸುವುದು ಅದರಲ್ಲಿ ಸೇರಿದೆ. ತೀತನಿಗೆ ಬರೆದ ಪತ್ರದ ಕೊನೆಯಲ್ಲಿ ಇದೇ ಪದ ಇದೆ, ಅವರಿಗೆ ಏನೂ ಕೊರತೆಯಾಗದಂತೆ ನೋಡಿಕೋ ಎನ್ನುವ ಮಾತೂ ಜೊತೆಗಿದೆ. ಯೋಹಾನನ ಮೂರನೇ ಪತ್ರದಲ್ಲಿ ಗಾಯ ಎಂಬ ಹೆಸರಿನವನಿಗೂ ಇದೇ ಪದದಲ್ಲಿ ಬುದ್ಧಿ ಹೇಳಿದೆ. ಹೀಗೆ ಸಾಗಕಳುಹಿಸುವವರು ಸತ್ಯಕ್ಕೆ ಜೊತೆ ಕೆಲಸದವರಾಗುತ್ತಾರೆ ಎಂದೂ ಅಲ್ಲಿದೆ. ಮನೆಯಲ್ಲೇ ಉಳಿದ ಗಾಯನಿಗೆ ಸಿಕ್ಕ ಹೆಸರು ನೋಡಿ. ಜೊತೆ ಕೆಲಸದವನು!

ಹಾಗಾದರೆ ಚಾವಣಿ ಸೋರಲಿ ಬಿಡಿ ಎನ್ನುತ್ತೀರಾ ಎಂದು ಕೇಳಬಹುದು. ಇಲ್ಲ, ಖಂಡಿತ ಇಲ್ಲ. ಸತ್ಯವೇದದ ಎರಡನೇ ಅರಸುಗಳ ಪುಸ್ತಕದ 22ನೇ ಅಧ್ಯಾಯದಲ್ಲಿ ಇರುವುದೇ ರಿಪೇರಿಯ ಕಥೆ. ಕ್ರಿಸ್ತಪೂರ್ವ 622ರ ಸುಮಾರಿಗೆ, ತನ್ನ ಆಳ್ವಿಕೆಯ 18ನೇ ವರ್ಷದಲ್ಲಿ, ಯೆಹೂದದ ಅರಸನಾದ ಯೋಷೀಯ ಯೆರೂಸಲೇಮಿನ ದೇವಾಲಯದ ರಿಪೇರಿಗೆ ಹಣ ಕೊಡಿಸುತ್ತಾನೆ. ಬಡಗಿ, ಗಾರೆ ಕೆಲಸದವರು, ಮರ, ಕಲ್ಲು, ಎಲ್ಲದರ ಹೆಸರೂ ಅಲ್ಲಿದೆ. ಆ ಕೆಲಸದ ನಡುವೆ ಮಹಾಯಾಜಕ ಹಿಲ್ಕೀಯನಿಗೆ ಧರ್ಮೋಪದೇಶದ ಪುಸ್ತಕ ಸಿಗುತ್ತದೆ. ಲೇಖಕ ಶಾಫಾನ್ ಅರಸನ ಮುಂದೆ ಬಂದು ಮೊದಲು ಹಣದ ಲೆಕ್ಕ ಒಪ್ಪಿಸುತ್ತಾನೆ. ಅದಾದ ಮೇಲೆ, ಯಾಜಕರು ಒಂದು ಪುಸ್ತಕವನ್ನೂ ಕೊಟ್ಟಿದ್ದಾರೆ ಎಂದು ಹೇಳಿ ಓದುತ್ತಾನೆ. ಕೇಳಿದ ಅರಸ ಬಟ್ಟೆ ಹರಿದುಕೊಳ್ಳುತ್ತಾನೆ. ದೇವರ ಮನೆಯೊಳಗೇ ದೇವರ ಪುಸ್ತಕ ಕಳೆದುಹೋಗಿತ್ತು! ಗೋಡೆ ರಿಪೇರಿಯಾಗಬೇಕಿತ್ತು, ನಿಜ. ಆದರೆ ಪುಸ್ತಕ ಓದಿದ ಮೇಲೆ ಅರಸನ ಕೆಲಸ ಆ ಗೋಡೆಯನ್ನು ದಾಟಿ ಇಡೀ ನಾಡಿಗೆ ಹೋಯಿತು.

ಸತ್ಯವೇದಕ್ಕೆ ಹಿಂತಿರುಗುವುದು ಎಂದರೆ ನನಗೆ ಇದೇ. ಬೇಕಾದ ಕಡೆ ಒಂದು ವಚನ ಕಿತ್ತು ತರುವುದಲ್ಲ. ಪೂರ್ತಿ ಓದುವುದು, ಎಲ್ಲರೂ ಕೇಳುವ ಹಾಗೆ ಓದುವುದು, ಓದಿದ್ದು ನಮ್ಮ ಲೆಕ್ಕದ ಪುಸ್ತಕವನ್ನು ಮುಟ್ಟಲು ಬಿಡುವುದು. ಕಾಣಿಕೆಯ ಭಾನುವಾರ ಮಾತ್ರ ದಶಮಾಂಶದ, ಅಂದರೆ ಹತ್ತರಲ್ಲಿ ಒಂದು ಪಾಲು ಕೊಡುವ, ವಚನ ಓದಿ ಜನರನ್ನು ಹಿಂಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಎರಡನೇ ಕೊರಿಂಥದ 9:7 ಬಲವಂತದ ಕೊಡುಗೆಯನ್ನು ಬೇಡ ಎನ್ನುತ್ತದೆ. ನಾವು ಫಿಲಿಪ್ಪಿ ಪತ್ರ ಓದಿದ ಭಾನುವಾರ ಯಾರೂ ಹಣ ಕೇಳಲಿಲ್ಲ. ಮುಂದಿನ ವಾರ ಪೆಟ್ಟಿಗೆಯಲ್ಲಿ ಮಿಷನ್‌ಗೆ ಎಂದು ಬರೆದ ಲಕೋಟೆಗಳು ತಾವಾಗಿಯೇ ಬಂದವು. ಒಂದರ ಮೇಲೆ ಚಿಕ್ಕ ಮಗುವಿನ ಕೈಬರಹ ಇತ್ತು.

ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರೂ ಇದ್ದಾರೆ. ಕೇಳಲೇಬೇಕು. ಯೆರೂಸಲೇಮಿನ ಬಡವರಿಗಾಗಿ ಹಣ ಸೇರಿಸುವಾಗ ಪೌಲ ಅದನ್ನು ಒಬ್ಬನೇ ಹೊತ್ತು ಹೋಗಲಿಲ್ಲ. ಸಭೆಗಳೇ ಆರಿಸಿದವರು ಜೊತೆಗಿರಲಿ, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದು ಎಂದು ಬರೆದ. ಅಪೊಸ್ತಲನೇ ಲೆಕ್ಕ ತೋರಿಸಿದ ಮೇಲೆ ನಾವು ತೋರಿಸದೆ ಇರುವುದು ಹೇಗೆ? ನಮ್ಮಲ್ಲಿ ಈಗ ಮಿಷನ್ ಪುಸ್ತಕಕ್ಕೆ ಇಬ್ಬರು ಸಹಿ ಹಾಕುತ್ತೇವೆ, ಯಾರು ಬೇಕಾದರೂ ತೆಗೆದು ನೋಡಬಹುದು.

ಆದರೆ ಮಿಷನರಿಗಳ ಹತ್ತಿರ ನಾವು ಕೇಳಬಾರದ ಒಂದು ಲೆಕ್ಕ ಇದೆ. ಈ ತಿಂಗಳು ಎಷ್ಟು ಜನ ನಂಬಿದರು ಎನ್ನುವುದು. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಅವರ ಸೇವೆಯಲ್ಲಿ ನಂಬಿದ ಮೊದಲ ಬಂಗಾಳಿಗೆ ದೀಕ್ಷಾಸ್ನಾನ ಆದದ್ದು 1800ರ ಡಿಸೆಂಬರ್‌ನಲ್ಲಿ, ಕೃಷ್ಣ ಪಾಲ್ ಎಂಬ ಬಡಗಿಗೆ. ನಡುವೆ ಏಳು ವರ್ಷ. ಪ್ರತಿ ತಿಂಗಳು ಸಂಖ್ಯೆ ಕೇಳುವ ಸಭೆ ಕೇರಿಯವರ ಹಿಂದೆ ಇದ್ದಿದ್ದರೆ ಏನಾಗುತ್ತಿತ್ತು? ಅವರ ಹಿಂದೆ ಇದ್ದದ್ದು 1792ರಲ್ಲಿ ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಒಂದು ಮನೆಯಲ್ಲಿ ಸೇರಿ 13 ಪೌಂಡ್ ಚಿಲ್ಲರೆ ಕೊಡುತ್ತೇವೆಂದು ಮಾತು ಕೊಟ್ಟ ಸಣ್ಣ ಗುಂಪು. ಆ ಗುಂಪಿನ ಆಂಡ್ರ್ಯೂ ಫುಲ್ಲರ್ ಈ ಕೆಲಸವನ್ನು ಆಳವಾದ ಗಣಿಗೆ ಇಳಿಯುವುದಕ್ಕೆ ಹೋಲಿಸುತ್ತಿದ್ದರು. ಒಬ್ಬರು ಇಳಿಯುತ್ತಾರೆ, ಮೇಲಿರುವವರು ಹಗ್ಗ ಹಿಡಿದಿರಬೇಕು. ಫುಲ್ಲರ್ ತಮ್ಮ ಸಭೆಯ ಪಾಲನೆ ಮಾಡುತ್ತಲೇ 1815ರಲ್ಲಿ ತೀರಿಕೊಳ್ಳುವವರೆಗೆ ಆ ಹಗ್ಗ ಬಿಡಲಿಲ್ಲ. ಸಂಖ್ಯೆಗಾಗಿ ಒತ್ತಾಯಿಸಿದರೆ ಇನ್ನೊಂದು ಅಪಾಯವೂ ಇದೆ. ಸಹಾಯವನ್ನೇ ಬಲೆಯಾಗಿ ಬೀಸುವ ಆಸೆ ಬರುತ್ತದೆ. ಹಾಗೆ ಕೊಳ್ಳುವ ನಂಬಿಕೆ ನಂಬಿಕೆಯೇ ಅಲ್ಲ. ಅಂಥ ಸೇವೆಗೆ ನಾನು ಒಂದು ಕಾಸೂ ಕಳಿಸುವುದಿಲ್ಲ.

ಚಾವಣಿಯ ವಿಷಯ ಹೇಳಿ ಮುಗಿಸಬೇಕು. ಹೋದ ಮಳೆಗಾಲದಲ್ಲಿ ಇನ್ನೊಂದು ಮೂಲೆ ಸೋರಿತು. ಕಮಿಟಿಯಲ್ಲಿ ಹಳೆಯ ಮಾತೇ ಬಂತು. ಈ ಸಲ ಅದನ್ನು ಎತ್ತಿದವರೇ, "ಮಿಷನ್ ಸಾಲು ಮುಟ್ಟೋದು ಬೇಡ, ನಾವೇ ನಾಲ್ಕು ಜನ ಏಣಿ ಹತ್ತೋಣ" ಎಂದರು. ಎರಡು ಶನಿವಾರ ಹಿಡಿಯಿತು. ಕೆಲಸ ಮುಗಿದ ಮೇಲೆ ಮಿಷನರಿ ಕುಟುಂಬಕ್ಕೆ ತಿಂಗಳ ಕಾಗದ ಬರೆದೆವು. ಅದರಲ್ಲಿ ಚಾವಣಿಯ ಸುದ್ದಿಯೂ ಇತ್ತು. ಕೊನೆಯಲ್ಲಿ ಎಲ್ಲರೂ ತಮ್ಮ ಹೆಸರು ಬರೆದರು. ನಮ್ಮ ಅಮ್ಮನವರು ಪೆನ್ನು ತೆಗೆದುಕೊಂಡು, ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದರು: "ಸಂಜೆ ಓದೋದು ಆ ಎರಡು ಮನೆಯಲ್ಲೂ ನಡೀತಿದೆ ತಾನೇ? ಬರೆದು ತಿಳಿಸಪ್ಪ."