ಮೊದಲು ಎಡಗಿವಿ ನೋಡಿ

ಕ್ಯಾಂಪಸ್ ಬೆಕ್ಕುಗಳಿಗೆ ಊಟ ಹಾಕುವವರಿಗೇನೂ ಬರವಿಲ್ಲ. ಲೆಕ್ಕ ಇಡುವವರಿಗೆ ಬರ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಹಾಲು ಬಿಡುವ ಮೊದಲೇ ಮತ್ತೆ ಗಬ್ಬವಾಗಬಹುದು. ಮರಿಯಾಗದಂತೆ ಆಪರೇಷನ್ ಮಾಡಿಸದೆ ಬರೀ ಊಟ ಹಾಕುತ್ತಾ ಹೋದರೆ ಮುಂದಿನ ವರ್ಷ ತಟ್ಟೆಗಳು ಸಾಲುವುದಿಲ್ಲ.

ಹಾಗಂತ ಆಪರೇಷನ್‌ಗೆ ಹಿಡಿಯಲು ಮೊದಲ ದಿನವೇ ಬೋನು ತರಬೇಡಿ. ಎರಡು ವಾರ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಇಟ್ಟು, ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ಬಿಟ್ಟು ಹೋದರೆ ಇಲಿ ಬರುತ್ತದೆ, ಅದರ ಹಿಂದೆಯೇ ದೂರೂ ಬರುತ್ತದೆ. ಇರುವೆ ಕಾಟವಿದ್ದರೆ ತಟ್ಟೆಯನ್ನು ನೀರಿರುವ ಅಗಲ ಬೋಗುಣಿಯಲ್ಲಿಡಿ. ಗಾದೆಯ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಲಿ, ನಿಮ್ಮದಕ್ಕೆ ನೀರೇ ಸಾಕು. ಬೆಳೆದ ಬೆಕ್ಕಿಗೆ ಹಾಲು ಸರಿಯಾಗಿ ಅರಗದೆ ಭೇದಿಯಾಗಬಹುದು.

ಆ ಅರ್ಧ ಗಂಟೆಯಲ್ಲಿ ಫೋಟೊ ಸಹಿತ ಪಟ್ಟಿ ಮಾಡಿ: ಬಣ್ಣ, ಗಂಡೋ ಹೆಣ್ಣೋ, ಕಿವಿ ಹೇಗಿದೆ. ಆಪರೇಷನ್ ಆದ ಬೆಕ್ಕಿಗೆ ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು, ಸಾಮಾನ್ಯವಾಗಿ ಎಡಗಿವಿಯದನ್ನು, ಸುಮಾರು 1 ಸೆಂ.ಮೀ. ತೆಗೆದಿರುತ್ತಾರೆ. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ. ಇದು ಸ್ಕೇಲ್ ಇಟ್ಟು ಕೊಯ್ದ ಹಾಗೆ ನೇರ.

ಹಿಡಿಯುವ ಹಿಂದಿನ ದಿನ ದೊಡ್ಡ ಬೆಕ್ಕುಗಳಿಗೆ ಊಟ ಬಂದ್, ನೀರು ಮಾತ್ರ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ: ಯಾರೋ ಕರುಣಾಮಯಿ ಕಿಟಕಿಯಿಂದ ಏನೋ ಎಸೆದಿರುತ್ತಾರೆ. ಬೋನಿನ ತಂತಿ ಪಾದಕ್ಕೆ ಚುಚ್ಚದಂತೆ ತಳಕ್ಕೆ ಪತ್ರಿಕೆ ಹಾಸಿ, ವಾಸನೆ ಜೋರಾಗಿರುವ ಮೀನನ್ನು, ತುಳಿದರೆ ಬಾಗಿಲು ಬೀಳಿಸುವ ತುಳಿಹಲಗೆಯ ಆಚೆ, ತೀರಾ ತುದಿಗೆ ಇಡಿ. ಈಚೆ ಇಟ್ಟರೆ ಹಲಗೆ ತುಳಿಯದೆ ತಿಂದು ಹೋಗುತ್ತದೆ. ಬಾಗಿಲು ಬಿದ್ದೊಡನೆ ಬೆಕ್ಕು ತಂತಿಗೆ ಮೂತಿ ಗುದ್ದಿಕೊಳ್ಳಲು ಶುರುಮಾಡುತ್ತದೆ. ತಕ್ಷಣ ಇಡೀ ಬೋನಿಗೆ ಬೆಡ್‌ಶೀಟ್ ಹೊದಿಸಿ, ಕತ್ತಲಾದರೆ ತಣ್ಣಗಾಗುತ್ತದೆ. ಬೋನಿಟ್ಟು ಕ್ಲಾಸಿಗೆ ಹೋಗುವಂತಿಲ್ಲ. ಬೋನಿಗೇ ಹೆದರುವ ಜಾಣ ಬೆಕ್ಕಿದ್ದರೆ, ಬಾಗಿಲನ್ನು ದಾರದಿಂದ ಮೇಲೆತ್ತಿ ಕಟ್ಟಿ ಒಂದು ವಾರ ಒಳಗೇ ಊಟ ಹಾಕಿ.

ಹೊಟ್ಟೆಯಡಿ ಮೊಲೆ ಊದಿ, ಸುತ್ತ ರೋಮ ಉದುರಿದ್ದರೆ ಎಲ್ಲೋ ಮರಿಗಳಿವೆ ಎಂದರ್ಥ. ವೈದ್ಯರಿಗೆ ಮೊದಲೇ ಹೇಳಿ, ಅದನ್ನು ಎಲ್ಲಕ್ಕಿಂತ ಬೇಗ ವಾಪಸ್ ತನ್ನಿ.

ಆಪರೇಷನ್ ನಂತರ ಬೆಚ್ಚಗಿನ ಕೋಣೆಯಲ್ಲಿ, ಬೋನಿಗೆ ಹೊದಿಕೆ ಹಾಕಿಯೇ ಇಡಿ. ಮತ್ತಿನಲ್ಲಿ ಮೈಬಿಸಿ ಇಳಿಯುತ್ತದೆ. ಪೂರ್ತಿ ಎಚ್ಚರಾಗುವ ತನಕ ಊಟವಿಲ್ಲ. ವೈದ್ಯರು ಬೇರೆ ಹೇಳದಿದ್ದರೆ ಗಂಡನ್ನು 24 ಗಂಟೆ, ಹೆಣ್ಣನ್ನು 48 ಗಂಟೆ ನೋಡಿಕೊಂಡು, ಹಿಡಿದ ಜಾಗದಲ್ಲೇ ಬಿಡಿ. ನೋವಿಗೆಂದು ಪ್ಯಾರಾಸಿಟಮಾಲ್ ಮುಟ್ಟಲೇಬೇಡಿ, ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಪರ್ಮೆಥ್ರಿನ್ ಇರುವ, ನಾಯಿಗೆ ಹಾಕುವ ಉಣ್ಣಿ ಔಷಧಿಯೂ ಬೆಕ್ಕಿಗೆ ವಿಷವೇ.

ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗುವ ಮೊದಲು ಊಟದ ಪಾಳಿಯನ್ನು ಅಲ್ಲೇ ಉಳಿಯುವವರಿಗೆ ಒಪ್ಪಿಸಿ. ಪಟ್ಟಿಯ ಒಂದು ಪ್ರತಿ ರಾತ್ರಿ ಪಾಳಿಯ ಸೆಕ್ಯುರಿಟಿಯವರ ಹತ್ತಿರವೂ ಇರಲಿ. ಕಿವಿ ಪೂರ್ತಿಯಿರುವ ಹೊಸ ಬೆಕ್ಕು ಮೊದಲು ಕಣ್ಣಿಗೆ ಬೀಳುವುದು ಅವರಿಗೇ.