ಸದ್ದು ದಾಟುವುದು ಅಂಚಿನಲ್ಲಿ

ಕಾಸರಗೋಡಿನಿಂದ ಮಂಜೇಶ್ವರದವರೆಗೆ ಫ್ಲ್ಯಾಟುಗಳು ಹೆಚ್ಚಿದಂತೆ, ಮೇಲಿನ ಮನೆಯ ಸದ್ದಿನ ದೂರು ಸೈಟ್ ಎಂಜಿನಿಯರುಗಳಾದ ನಮ್ಮ ತನಕ ಬರುವುದೂ ಹೆಚ್ಚಿದೆ. ಕೆಂಪುಕಲ್ಲಿನ ಒಂಟಿ ಮನೆಯಲ್ಲಿ ಬಾಳಿದವರಿಗೆ ತಲೆಯ ಮೇಲೆ ಯಾರೋ ಕುರ್ಚಿ ಎಳೆಯುವುದು, ಹೆರೆಮಣೆಯನ್ನು ನೆಲಕ್ಕೆ ಕುಕ್ಕುವುದು ಸಹಿಸಲಾಗದ ಹಿಂಸೆ. ಅವರ ದೂರು ನ್ಯಾಯವಾದದ್ದೇ.

ಮಾತು, ಟಿ.ವಿ.ಯ ಸದ್ದು ಗಾಳಿಯ ಮೂಲಕ ಬಂದು ಸ್ಲ್ಯಾಬನ್ನು ನಡುಗಿಸುತ್ತದೆ. ಅದನ್ನು ತಡೆಯುವುದು ಭಾರ: ಸ್ಲ್ಯಾಬಿನ ತೂಕ ಇಮ್ಮಡಿಯಾದರೆ ಸುಮಾರು 5–6 ಡೆಸಿಬಲ್ ಲಾಭ. ಹೆಜ್ಜೆ, ಬಿದ್ದ ಪಾತ್ರೆ, ಎಳೆದ ಕುರ್ಚಿಯ ಸದ್ದಾದರೋ ನೇರವಾಗಿ ಕಾಂಕ್ರೀಟಿಗೇ ಬಡಿಯುವುದರಿಂದ, ಎಷ್ಟು ದಪ್ಪ ಹಾಕಿದರೂ ಮೇಲೆ ಮೆತ್ತನೆಯ ಪದರವಿಲ್ಲದೆ ಅದು ಹದ್ದುಬಸ್ತಿಗೆ ಬರುವುದಿಲ್ಲ.

ನಮ್ಮಲ್ಲಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 8ನೇ ಭಾಗದ 4ನೇ ವಿಭಾಗ ಈ ವಿಷಯಕ್ಕೇ ಮೀಸಲು. ಉಪ್ಪಳದ ಬಳಿಯ ಒಂದು ಕೆಲಸದಲ್ಲಿ ಮಾತ್ರ ಇಂಗ್ಲೆಂಡಿನ ಕಟ್ಟಡ ನಿಯಮಗಳ ‘ಪಾರ್ಟ್ ಇ’ಯನ್ನೇ ಕರಾರಿನಲ್ಲಿ ಬರೆದಿದ್ದರು. ಅದರ ಪ್ರಕಾರ ಹೊಸ ಮನೆಗಳ ನಡುವಿನ ನೆಲ ಗಾಳಿಯ ಸದ್ದನ್ನು ಕನಿಷ್ಠ 45 ಡೆಸಿಬಲ್ ತಡೆಯಬೇಕು. ಬಡಿತದ ಸದ್ದು ಕೆಳಗಿನ ಕೋಣೆಯಲ್ಲಿ 62 ಡೆಸಿಬಲ್ ಮೀರಬಾರದು. ಮೊದಲನೆಯದು ಹೆಚ್ಚಿದಷ್ಟೂ ಒಳ್ಳೆಯದು, ಎರಡನೆಯದು ಇಳಿದಷ್ಟೂ ಒಳ್ಳೆಯದು; ವರದಿ ಓದುವಾಗ ಇದನ್ನು ತಿರುವುಮುರುವು ಮಾಡಿಕೊಳ್ಳುವವರು ಬಹಳ. ಬಡಿತದ ಪರೀಕ್ಷೆಗೆ ತಲಾ 500 ಗ್ರಾಂನ ಐದು ಸುತ್ತಿಗೆಗಳು 40 ಮಿ.ಮೀ. ಎತ್ತರದಿಂದ ಸೆಕೆಂಡಿಗೆ ಹತ್ತು ಏಟು ಹಾಕುವ ಯಂತ್ರವಿದೆ.

125 ಮಿ.ಮೀ. ಸ್ಲ್ಯಾಬಿನ ಭಾರ ಚದರ ಮೀಟರಿಗೆ ಸುಮಾರು 312 ಕೆ.ಜಿ. ಅದೇ ನಿಯಮದ ಮಾದರಿ ನೆಲವೊಂದು 365 ಕೆ.ಜಿ. ಕೇಳುತ್ತದೆ; 150 ಮಿ.ಮೀ.ಗೆ ಏರಿಸಿದರೆ 375 ಸಿಗುತ್ತದೆ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕದ ಆಸರೆ) ಬಿಚ್ಚಿದ ಮೇಲೆ ಇದನ್ನು ಯೋಚಿಸಿ ಫಲವಿಲ್ಲ. ಬಡಿತಕ್ಕೆ ಬೇಕಾದ ಮೆತ್ತನೆಯ ಪದರವಾಗಿ ಸ್ಲ್ಯಾಬಿನ ಮೇಲೆ ಫೋಮ್ ಹಾಸಿ, ಅದರ ಮೇಲೆ 65 ಮಿ.ಮೀ. ಸಿಮೆಂಟ್ ಗಾರೆಯ ಸ್ಕ್ರೀಡ್ (ಟೈಲ್ಸಿನ ಅಡಿಯ ಸಮತಟ್ಟು ಪದರ) ಹಾಕಿದರೆ ಅದು ತೇಲುವ ನೆಲ. ಈ ಗಾರೆಯೊಂದೇ ಚದರ ಮೀಟರಿಗೆ ಸುಮಾರು 130 ಕೆ.ಜಿ. ತೂಗುವುದರಿಂದ ಸ್ಟ್ರಕ್ಚರಲ್ ಎಂಜಿನಿಯರಿಗೆ ಮೊದಲೇ ತಿಳಿಸಬೇಕು. ಬಾಗಿಲಿನ ಎತ್ತರ, ಮೆಟ್ಟಿಲಿನ ಕೊನೆಯ ಹಂತವನ್ನೂ ಆಗಲೇ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಸರಿಯಿದ್ದರೂ ಕೆಲಸ ಕೆಡುವುದು ಅಂಚಿನಲ್ಲಿ. ಗೋಡೆಯ ಬುಡದ ಉದ್ದಕ್ಕೂ ಫೋಮ್ ಪಟ್ಟಿ ನಿಂತಿರಬೇಕು. ಉಪ್ಪಳದಲ್ಲಿ ಸ್ಕ್ರೀಡ್ ಒಣಗಿದೊಡನೆ ಮೇಸ್ತ್ರಿ ಅದನ್ನು ಬ್ಲೇಡಿನಿಂದ ನೆಲದ ಮಟ್ಟಕ್ಕೆ ಕೊಯ್ಯತೊಡಗಿದ್ದರು. “ಅಂಚು ಚೊಕ್ಕ ಕಾಣಬೇಕಲ್ಲ ಸರ್” ಎಂದರು. ಟೈಲ್ಸಿಗೆ ಮೊದಲೇ ಅದನ್ನು ಕೊಯ್ದರೆ ಟೈಲ್ಸಿನ ಗಾರೆ ಗೋಡೆಗೆ ಅಂಟುತ್ತದೆ, ಬೆರಳಗಲದ ಆ ಗಾರೆಯೇ ಬಡಿತವನ್ನು ಗೋಡೆಗೆ, ಗೋಡೆಯಿಂದ ಕೆಳಮನೆಗೆ ದಾಟಿಸುತ್ತದೆ ಎಂದು ವಿವರಿಸಿದಾಗ ಅವರು ಕೈ ನಿಲ್ಲಿಸಿ, ಕೊಯ್ದಷ್ಟು ಉದ್ದಕ್ಕೆ ಹೊಸ ಪಟ್ಟಿ ಇಟ್ಟರು. ಬಚ್ಚಲಿನ ಪೈಪುಗಳಿಗೂ ಇದೇ ಕಾಳಜಿ ಬೇಕು: ಸ್ಕ್ರೀಡಿನೊಳಗೆ ಹಾಯುವ ಪ್ರತಿ ಪೈಪಿಗೂ ಫೋಮ್ ಸುತ್ತಿರಬೇಕು.

ಪಟ್ಟಿ ಕೊಯ್ಯುವುದು ಟೈಲ್ಸ್ ಕೂರಿಸಿ, ಸಂದು ತುಂಬಿಸಿದ ಮೇಲೆ. ಸ್ಕರ್ಟಿಂಗನ್ನು, ಅಂದರೆ ಗೋಡೆಯ ಬುಡಕ್ಕೆ ಹಚ್ಚುವ ಟೈಲ್ಸಿನ ಸಾಲನ್ನು, ಗೋಡೆಗೆ ಮಾತ್ರ ಅಂಟಿಸಿ, ನೆಲದಿಂದ ಎರಡು-ಮೂರು ಮಿ.ಮೀ. ಎತ್ತರದಲ್ಲಿ ನಿಲ್ಲಿಸಿ, ಆ ಸಂದಿಗೆ ಸಿಮೆಂಟಿನ ಬದಲು ಸಿಲಿಕೋನ್ ತುಂಬಬೇಕು.