ಅಪ್ಪ ಪೊಟರೆಯೊಳಗೆ ಯಾಕೆ ಹೋದ ಮಿಸ್?

ಫೆಬ್ರವರಿ ಬಂತೆಂದರೆ ಹತ್ತನೇ ತರಗತಿಯ ಕನ್ನಡ ಪಾಠಗಳೆಲ್ಲ ಮುಗಿದಿರುತ್ತವೆ, ಪುನರಾವರ್ತನೆ ಒಂದೇ ಉಳಿದಿರುತ್ತದೆ. ನಮ್ಮಲ್ಲಿ ಪುನರಾವರ್ತನೆ ಅಂದರೆ ಓದಿಸುವುದಲ್ಲ, ಬರೆಸುವುದು. ಕವಿ ಪರಿಚಯ ಬರಿ, ಗಾದೆ ವಿಸ್ತರಿಸು, ಪತ್ರ ಬರಿ, ಪ್ರಸ್ತಾರ ಹಾಕು, ಕಂಠಪಾಠದ ಪದ್ಯವನ್ನು ಇನ್ನೊಂದು ಸಲ ಬರಿ. ಹಿಂದುಳಿದ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಅಂತ ಒಂದು ಜೆರಾಕ್ಸ್ ಕಟ್ಟು ಬೇರೆ. ಅದನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ಆ ಕಟ್ಟು ಓದಿಯೇ ಪಾಸಾಗಿ, ಐಟಿಐ ಸೇರಿ, ಈಗ ಸಂಬಳ ತರುವ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ “ಚೆನ್ನಾಗಿದೀರಾ ಮಿಸ್” ಅನ್ನುತ್ತಾರೆ.

ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಪ್ರಥಮ ಭಾಷೆಗೆ ಬರವಣಿಗೆಯದು 100 ಅಂಕ, ಆಂತರಿಕ 25. ಆ ನೂರರಲ್ಲಿ, ಪುಸ್ತಕದಲ್ಲಿಲ್ಲದ ಒಂದು ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ, ನಾಲ್ಕು ಅಂಕಕ್ಕೆ. ಬಾಯಿಪಾಠ ಮಾಡಿಕೊಂಡು ಬರುವಂಥದ್ದೇನೂ ಇಲ್ಲ, ಉತ್ತರ ಕಣ್ಣೆದುರಿಗೇ ಇರುತ್ತದೆ. ಬಿಟ್ಟಿ ಅಂಕ ಅಂತಲೇ ನಮ್ಮ ಸ್ಟಾಫ್ ರೂಮಿನಲ್ಲಿ ಅದಕ್ಕೆ ಹೆಸರು. ಈ ಸಲ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಾಗ ನೋಡಿದರೆ ಬಿಟ್ಟಿ ಅಂಕವೇ ಹೋಗಿದೆ, ಅದೂ ಕವಿ ಪರಿಚಯದಲ್ಲಿ ಒಂದಕ್ಷರ ತಪ್ಪದೆ ಬರೆದ ಮಕ್ಕಳದ್ದು!

ಹಾಗಾಗಿ ಮುಂದಿನ ಭಾನುವಾರದ ವಿಶೇಷ ತರಗತಿಗೆ ನಾನೇ ಒಂದು ಗದ್ಯಭಾಗ ಬರೆದುಕೊಂಡು ಹೋದೆ. ಮಕ್ಕಳಿಗೆ ಗೊತ್ತಿರುವ ವಿಷಯವೇ ಇರಲಿ ಅಂತ ಕೊಬ್ಬರಿ ಬಗ್ಗೆ ಬರೆದಿದ್ದೆ. ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕುತ್ತಾರೆ, ತಿಂಗಳುಗಟ್ಟಲೆ ಅದು ಅಲ್ಲೇ ಇರುತ್ತದೆ, ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ಇಂಗಿದ ಮೇಲೆ ತಿರುಳು ಚಿಪ್ಪನ್ನು ಬಿಡುತ್ತದೆ, ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ ಇಡಿಯಾಗಿ ಬರುತ್ತದೆ. ಇಷ್ಟೇ. ಈ ತರಗತಿಯ ಅರ್ಧ ಮಕ್ಕಳ ಮನೆಯಲ್ಲಿ ಅಟ್ಟ ಇದೆ. ಪ್ರಶ್ನೆ: ಕಾಯಿಯನ್ನು ಅಟ್ಟದ ಮೇಲೆ ಯಾಕೆ ಇಡುತ್ತಾರೆ?

ಜಾಸ್ತಿ ಮಕ್ಕಳು ಬರೆದದ್ದು, “ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹಾಕುತ್ತಾರೆ.”

ಪ್ರಶ್ನೆಯಲ್ಲಿ ಅಟ್ಟ ಅಂತ ಇದೆ, ಗದ್ಯದಲ್ಲಿ ಅಟ್ಟ ಎಲ್ಲಿದೆ ಅಂತ ಹುಡುಕಿದ್ದಾರೆ, ಆ ಸಾಲನ್ನು ಪೂರ್ತಿ ಇಳಿಸಿದ್ದಾರೆ. ಮುಂದಿನ ಸಾಲಿಗೆ ಕಣ್ಣು ಹೋಗೇ ಇಲ್ಲ. ಪಾಪ, ಮಕ್ಕಳನ್ನು ಬೈದು ಏನು ಪ್ರಯೋಜನ, ಐದನೇ ಕ್ಲಾಸಿನಿಂದ “ಪ್ರಶ್ನೆಯಲ್ಲಿರೋ ಪದ ಪಾಠದಲ್ಲಿ ಎಲ್ಲೈತೆ ನೋಡು, ಅಲ್ಲಿಂದ ಇಲ್ಲಿವರೆಗೂ ಬ್ರಾಕೆಟ್ ಹಾಕ್ಕೊ” ಅಂತ ನಾವೇ ಕಲಿಸಿರುತ್ತೇವೆ. ಅವರ ಪುಸ್ತಕ ತೆಗೆದು ನೋಡಿ, ಪುಟದ ತುಂಬ ಪೆನ್ಸಿಲ್ ಬ್ರಾಕೆಟ್ಟು, ಪಕ್ಕದಲ್ಲಿ ಪ್ರಶ್ನೆ ನಂಬರ್.

ಕಿಟಕಿ ಪಕ್ಕ ಕೂತಿದ್ದ ಹುಡುಗನನ್ನು ಎಬ್ಬಿಸಿ, ಪೇಪರ್ ಮಡಚಿಡು, ನಿಮ್ಮನೇಲಿ ಕಾಯಿ ಅಟ್ಟಕ್ಕೆ ಯಾಕೆ ಹಾಕ್ತಾರೆ ಹೇಳು ಅಂದೆ. “ನೀರು ಇಂಗ್ಬೇಕಲ್ಲ ಮಿಸ್, ಇಲ್ಲಾಂದ್ರೆ ಕೊಬ್ರಿ ಆಗಲ್ಲ. ಅಲ್ಲಾಡಿಸಿದ್ರೆ ಒಳಗೆ ಗಡಗಡ ಅನ್ಬೇಕು” ಅಂದ. ನಾನು ಬರೆದದ್ದಕ್ಕಿಂತ ಚೆನ್ನಾಗಿಯೇ ಹೇಳಿದ. ಅವನ ಪೇಪರಿನಲ್ಲೂ ಅದೇ ಅಟ್ಟದ ಸಾಲು ಇತ್ತು.

ಅವತ್ತು ವೇಳಾಪಟ್ಟಿ ಪ್ರಕಾರ ಸಂದರ್ಭ-ಸ್ವಾರಸ್ಯ ಮುಗಿಸಬೇಕಿತ್ತು. ಪಾಠದ ಒಂದು ಮಾತು ಕೊಟ್ಟಿರುತ್ತಾರೆ, ಮೂರು ಅಂಕ. ಅದು ಯಾವ ಕೃತಿಯದು ಅನ್ನುವುದು ಆಯ್ಕೆ, ಯಾರು ಯಾವಾಗ ಹೇಳಿದ್ದು ಅನ್ನುವುದು ಸಂದರ್ಭ, ಅದರಲ್ಲೇನು ವಿಶೇಷ ಅನ್ನುವುದು ಸ್ವಾರಸ್ಯ. ಗೈಡ್ ನೋಡಿದವರಿಗೆ ಗೊತ್ತಿರುತ್ತದೆ, ಸ್ವಾರಸ್ಯದ ಕೊನೆಯ ಸಾಲು ಯಾವಾಗಲೂ ಒಂದೇ, “...ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.” ಏನು ಮೂಡಿಬಂತು ಅಂತ ಕೇಳಬಾರದು. ಕೇಳೋಣ ಅಂತಲೇ ಬರೆಯುವುದು ನಿಲ್ಲಿಸಿ ‘ವೃಕ್ಷಸಾಕ್ಷಿ’ ಪಾಠ ತೆಗೆಸಿದೆ. ದುರ್ಗಸಿಂಹನದು, ಹಳಗನ್ನಡ, ಕಾಲ ಸುಮಾರು 1031. ಅದೆಲ್ಲ ಮಕ್ಕಳಿಗೆ ನಿದ್ದೆಯಲ್ಲೂ ಬರುತ್ತದೆ, ಸಯ್ಯಡಿ ಅನ್ನುವ ಕವಿಯ ಊರಿನ ಹೆಸರೂ ಸೇರಿ.

ಕಥೆ ನಿಮಗೂ ನೆನಪಿರಬಹುದು. ಧರ್ಮಬುದ್ಧಿ, ದುಷ್ಟಬುದ್ಧಿ ಇಬ್ಬರೂ ವ್ಯಾಪಾರ ಮಾಡಿ ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂತಿಡುತ್ತಾರೆ. ದುಷ್ಟಬುದ್ಧಿ ಕದ್ದು, ಕದ್ದವನು ನೀನೇ ಅಂತ ಇನ್ನೊಬ್ಬನ ಮೇಲೆ ಹಾಕುತ್ತಾನೆ. ಸಾಕ್ಷಿ ಯಾರು ಅಂದರೆ ಆ ಮರವೇ ಸಾಕ್ಷಿ ಅನ್ನುತ್ತಾನೆ. ರಾತ್ರಿ ತನ್ನ ಅಪ್ಪ ಪ್ರೇಮಮತಿಗೆ ಮರದ ಪೊಟರೆಯಲ್ಲಿ ಕೂತು ಸಾಕ್ಷಿ ನುಡಿ ಅಂತ ದುಂಬಾಲು ಬೀಳುತ್ತಾನೆ. ಅಪ್ಪ ಬೈಯುತ್ತಾನೆ, ಇದರಿಂದ ನಮ್ಮ ಕುಲವೇ ಹಾಳಾಗುತ್ತದೆ ಅನ್ನುತ್ತಾನೆ. ಆದರೂ ಹೋಗುತ್ತಾನೆ. ಧರ್ಮಬುದ್ಧಿ ಪೊಟರೆಗೆ ಬೆಂಕಿ ಹಾಕಿದಾಗ ಹೊರಗೆ ಬಿದ್ದು ಸಾಯುತ್ತಾನೆ.

ಪಾಠವನ್ನು ಒಬ್ಬೊಬ್ಬರ ಕೈಲಿ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿಸಿದೆ. ತಡವರಿಸಿದರು, ನಕ್ಕರು, ಹಳಗನ್ನಡ ಅಲ್ವಾ. ಅಪ್ಪ ಬೈಯುವ ಸಾಲು ಓದುತ್ತಿದ್ದ ಹುಡುಗಿ ಅಲ್ಲೇ ನಿಲ್ಲಿಸಿ, “ಇಷ್ಟೆಲ್ಲ ಗೊತ್ತಿದ್ದೂ ಅಪ್ಪ ಪೊಟರೆಯೊಳಗೆ ಯಾಕೆ ಹೋದ ಮಿಸ್?” ಅಂದಳು. ವರ್ಷವಿಡೀ ಈ ಪಾಠದ ಪ್ರಶ್ನೋತ್ತರ ಬರೆದಿದ್ದಾರೆ, ಈ ಪ್ರಶ್ನೆ ಯಾವ ನೋಟ್ಸಿನಲ್ಲೂ ಇಲ್ಲ.

ನಾನು ಉತ್ತರ ಹೇಳಲಿಲ್ಲ. ನೀವೇ ಹೇಳಿ ಅಂದೆ. ದುಡ್ಡಿನ ಆಸೆ ಅಂದ ಒಬ್ಬ. “ವಯಸ್ಸಾಗಿತ್ತು, ಇನ್ನು ಅನ್ನ ಹಾಕೋನು ಮಗನೇ ಅಲ್ವಾ” ಅಂದಳು ಇನ್ನೊಬ್ಬಳು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, ಪಾಸಿಂಗ್ ಪ್ಯಾಕೇಜಿನ ಹುಡುಗ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಸ್ವಾರಸ್ಯದ ಜಾಗ ಖಾಲಿ ಬಿಟ್ಟಿದ್ದವನು, “ಅಪ್ಪಂದಿರು ಹಂಗೇ ಮಿಸ್. ನಮ್ಮಪ್ಪ ಬ್ಯಾಡ ಬ್ಯಾಡ ಅಂತಾನೇ ಸಾಲ ಮಾಡಿ ಅಣ್ಣಂಗೆ ಬೈಕ್ ಕೊಡಿಸ್ದ” ಅಂದ. ತರಗತಿ ಗೊಳ್ಳೆಂದಿತು. ಅವನು ನಗಲಿಲ್ಲ.

ಅಲ್ಲಿಗೆ ಬಿಡಲಿಲ್ಲ ಅವರು. ಒಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಿದ್ದು ಬೆಂಕಿ ಹಾಕಿದ್ದರೆ ಧರ್ಮಬುದ್ಧಿ ಅದ್ಯಾವ ಸೀಮೆ ಧರ್ಮಬುದ್ಧಿ ಅಂತ ಒಬ್ಬ ತಗಾದೆ ತೆಗೆದ. ಗೊತ್ತಿರಲಿಲ್ಲ ಅಂತ ಹುಡುಗಿಯರ ಕಡೆಯಿಂದ ವಾದ. ಪುಸ್ತಕದಲ್ಲಿ ತೋರಿಸಿ ಅಂದೆ. ಈ ಸಲ ಅವರು ಪದ ಹುಡುಕಲಿಲ್ಲ, ಸಾಲಿನ ಹಿಂದೆ ಮುಂದೆ ಓದಿದರು. ಧರ್ಮಬುದ್ಧಿ ಮರ ಸುತ್ತಿ ನೋಡುತ್ತಾನೆ, ಮನುಷ್ಯ ಓಡಾಡಿದ ಗುರುತು ಕಾಣುತ್ತದೆ, ಇಲ್ಲೇನೋ ಮೋಸ ಇದೆ ಅಂತ ನಿಶ್ಚಯ ಮಾಡಿಕೊಳ್ಳುತ್ತಾನೆ. ಆ ಸಾಲಿನ ಮೇಲೆ ಬೆರಳಿಟ್ಟು “ಗೊತ್ತಿತ್ತು ಮಿಸ್, ನೋಡಿ ಇಲ್ಲೈತೆ” ಅಂತ ಹುಡುಗ ಎದ್ದು ನಿಂತ. ಗುರುತು ಕಂಡರೆ ಯಾರೋ ಬಂದು ಹೋಗಿರಬಹುದು ಅಂತ ತಾನೇ, ಒಳಗೇ ಇದ್ದಾರೆ ಅಂತ ಹೇಗೆ ಹೇಳ್ತೀಯ ಅಂತ ಎದುರಿನಿಂದ ಬಂತು. ನನಗಂತೂ ಇಬ್ಬರದ್ದೂ ಸರಿ ಅನ್ನಿಸಿತು. ಸಾಹಿತ್ಯ ಪಾಠ ಅಂದರೆ ಇದು ಅಂತ ನನ್ನ ಅಭಿಪ್ರಾಯ, ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಇದಕ್ಕೆ ಕಾಲಂ ಇಲ್ಲ ಅಷ್ಟೇ.

ಊಟದ ಹೊತ್ತಿಗೆ ಮುಖ್ಯ ಶಿಕ್ಷಕರು ಬಾಗಿಲಲ್ಲಿ ನಿಂತು, “ಎಷ್ಟು ಸಂದರ್ಭ ಆಯ್ತು ಮೇಡಂ?” ಅಂದರು. ಒಂದು ಸಾರ್ ಅಂದೆ. ಅವರ ಮುಖ ನೋಡಬೇಕಿತ್ತು. ಅವರದ್ದೂ ತಪ್ಪಲ್ಲ ಬಿಡಿ, ಫಲಿತಾಂಶ ಕಮ್ಮಿಯಾದರೆ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕಾದವರು ಅವರು.

ಮಧ್ಯಾಹ್ನ ಅಪ್ಪ ಬೈಯುವ ಅದೇ ಸಾಲನ್ನು ಕೊಟ್ಟು ಸಂದರ್ಭ-ಸ್ವಾರಸ್ಯ ಬರೆಸಿದೆ. ಹಿಂದಿನ ಬೆಂಚಿನ ಹುಡುಗ ಬರೆದದ್ದು ಹೀಗೆ (ಕಾಗುಣಿತ ನಾನು ತಿದ್ದಿದ್ದೇನೆ): “ಅಪ್ಪನಿಗೆ ಇದು ತಪ್ಪು ಅಂತ ಗೊತ್ತು. ಆದರೆ ಮಗನಿಗೆ ಇಲ್ಲ ಅನ್ನೋಕೆ ಆಗಲಿಲ್ಲ. ಬಾಯಲ್ಲಿ ಬೈದ, ಕಾಲು ಮರದ ಕಡೆ ಹೋಯ್ತು.” ಮೂಡಿಬಂದಿದೆ ಇಲ್ಲ, ಸ್ವಾರಸ್ಯಪೂರ್ಣ ಇಲ್ಲ. ಆಯ್ಕೆಯಲ್ಲಿ ಮಾತ್ರ ಕೃತಿಯ ಹೆಸರು ಬಿಟ್ಟಿದ್ದ.

ಪೇಪರ್ ಇಸಕೊಳ್ಳುವಾಗ ಕೇಳಿದ, “ಹಿಂಗೆ ಬರೆದ್ರೆ ಬೋರ್ಡ್ ಎಕ್ಸಾಮಲ್ಲಿ ಅಂಕ ಕೊಡ್ತಾರಾ ಮಿಸ್?”

ನಾನು ಮೌಲ್ಯಮಾಪನಕ್ಕೆ ಹೋಗುವವಳು, ಅಲ್ಲಿ ದಿನಕ್ಕೆ ಎಷ್ಟು ಪೇಪರ್ ಕೈ ದಾಟಬೇಕು ಅಂತ ನನಗೆ ಗೊತ್ತು. “ಆಯ್ಕೆ, ಸಂದರ್ಭ ಎರಡೂ ನೋಟ್ಸಿನಲ್ಲಿ ಇದ್ದ ಹಾಗೇ ಬರಿ, ಎರಡು ಅಂಕ ಎಲ್ಲೂ ಹೋಗಲ್ಲ. ಸ್ವಾರಸ್ಯ ನಿಂದೇ ಬರಿ. ಅಕ್ಷರ ಮಾತ್ರ ಸ್ವಲ್ಪ ದುಂಡಗೆ ಇರಲಿ” ಅಂದೆ. ತಲೆಯಾಡಿಸಿ, ಕೃತಿಯ ಹೆಸರು ಇನ್ನೊಂದು ಸಲ ಕೇಳಿ ಅಂಗೈ ಮೇಲೆ ಬರೆದುಕೊಂಡು ಹೋದ.